1994ರ ಬುಲೆಟ್ 350 ಬಿಚ್ಚಿ ಕಟ್ಟಿ ಪುಣೆಯಿಂದ ಕನ್ಯಾಕುಮಾರಿ: ಎಲ್ಲಿಂದ ಶುರು ಮಾಡಲಿ?

ಕೋಥ್ರೂಡ್_350
ಗಾಡಿ 1994ರ ಬುಲೆಟ್ ಸ್ಟ್ಯಾಂಡರ್ಡ್ 350. ಕಾಸ್ಟ್ ಐರನ್ ಇಂಜಿನ್, ಬಲಗಾಲಿಗೆ ಗಿಯರ್, ಪಾಯಿಂಟ್ ಇಗ್ನಿಷನ್ (ಎರಡು ಲೋಹದ ತುದಿ ತೆರೆದಾಗ ಪ್ಲಗ್‌ಗೆ ಕಿಡಿ ಕೊಡೋ ಹಳೇ ವ್ಯವಸ್ಥೆ), 12 ವೋಲ್ಟ್. ಸೊಸೈಟಿ ಪಾರ್ಕಿಂಗ್‌ನಲ್ಲಿ ವರ್ಷಗಟ್ಟಲೆ ನಿಂತಿದ್ದು. ಕಿಕ್ ಇಳಿಯುತ್ತೆ, ಕಂಪ್ರೆಷನ್ ಇದ್ದ ಹಾಗಿದೆ. ಟ್ಯಾಂಕ್ ಒಳಗೆ ತುಕ್ಕು, ವೈರಿಂಗ್ ಇಲಿ ತಿಂದಿದೆ, ಟೈರ್ ಬಿರುಕು ಬಿಟ್ಟಿದೆ.

ಜನವರಿಯಲ್ಲಿ ಪುಣೆ, ತಾಮ್ಹಿಣಿ ಘಾಟ್, ಮಾಣಗಾಂವ್, ಅಲ್ಲಿಂದ ಎನ್‌ಎಚ್ 66 ಹಿಡಿದು ಗೋವಾ, ಕಾರವಾರ, ಉಡುಪಿ, ಕೊಚ್ಚಿ, ಕನ್ಯಾಕುಮಾರಿ. ವಾಪಸ್ ಎನ್‌ಎಚ್ 44ರಲ್ಲಿ ಮಧುರೈ, ಬೆಂಗಳೂರು, ಆಮೇಲೆ ಹುಬ್ಬಳ್ಳಿ, ಬೆಳಗಾವಿ, ಪುಣೆ. ಎಲ್ಲಾ ಸೇರಿ 3000 ಕಿ.ಮೀ. ದಾಟುತ್ತೆ.

ಗ್ಯಾರೇಜಿನವರು "ಹೆಡ್ ಬಿಚ್ಚಿ ರಿಂಗ್ ಹಾಕಿದ್ರೆ ಸಾಕು" ಅಂತಾರೆ. ನಂಬಲಾ? ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಹಾಕಲಾ? ದುಡ್ಡು ಮೊದಲು ಎಲ್ಲಿ ಹಾಕಬೇಕು? ಪೇಂಟ್ ಮಾಡಿಸೋ ಆಸೆಯೂ ಇದೆ, ಬೈಬೇಡಿ.

ನಾನಾಪೇಠ್_ನಟ್‌ಬೋಲ್ಟ್
ಮೊದ್ಲ ಕಿಕ್ ಹೊಡಿಯೂದು ಬಿಡ್ರಿ! ವರ್ಷಗಟ್ಲೆ ನಿಂತ ಬುಲೆಟ್‌ದಾಗ ಆಯಿಲ್ ಟ್ಯಾಂಕಿನ ಎಣ್ಣಿ ಪಂಪ್ ದಾಟಿ ನಿಧಾನಕ್ಕ ಕ್ರ್ಯಾಂಕ್‌ಕೇಸಿಗೆ (ಇಂಜಿನ್ ತಳದ ಪೆಟ್ಟಿಗಿಗೆ) ಇಳದಿರತೈತಿ. ಅದಕ್ಕ ವೆಟ್ ಸಂಪಿಂಗ್ ಅಂತಾರ. ಹಂಗ ಚಾಲೂ ಮಾಡಿದ್ರ ಬ್ರೀದರ್‌ದಿಂದ (ಇಂಜಿನ್ ಒಳಗಿನ ಗಾಳಿ ಹೊರಗ ಬಿಡೂ ಕೊಳವಿ) ಎಣ್ಣಿ ಕಾರತೈತಿ, ಸೈಲೆನ್ಸರ್‌ದಿಂದ ಬಿಳೇ ಹೊಗಿ. ನೋಡಿದಂವ "ರಿಂಗ್ ಹೋಗ್ಯಾವ" ಅಂದ ಬಿಡ್ತಾನ. ಕೆಳಗಿನ ಡ್ರೇನ್ ಪ್ಲಗ್ ಎಲ್ಲಾ ಬಿಚ್ಚಿ ಒಂದು ರಾತ್ರಿ ಬಸಿಲಿಕ್ಕೆ ಬಿಡ್ರಿ. ಬಂದ ಎಣ್ಣಿ ಬಿಳೇ ಬಟ್ಟಿ ಮ್ಯಾಲೆ ಸೋಸಿ ನೋಡ್ರಿ. ಬೆಳ್ಳಿ ಬಣ್ಣದ ಪುಡಿ ಕಂಡ್ರ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರೂ ಕೆಳಗಿನ ತುದಿ) ಬುಷ್ ಇಲ್ಲಾ ಪಿಸ್ಟನ್. ಅಯಸ್ಕಾಂತಕ್ಕ ಹತ್ತೂ ಚೂರು ಸಿಕ್ರ ಗಿಯರ್, ಬೇರಿಂಗ್, ಟ್ಯಾಪೆಟ್ (ವಾಲ್ವ್ ಎತ್ತೂ ಭಾಗ) ಪಾದ, ಇದ್ರಾಗ ಒಂದು.

ಪಂಪ್ ಬಿಚ್ಚಿದಾಗ ಡಿಸ್ಕ್ ಮತ್ತ ಅದು ಕೂಡೂ ಜಾಗಾ ಎರಡನ್ನೂ ಫೈನ್ ಲ್ಯಾಪಿಂಗ್ ಪೇಸ್ಟ್ ಹಚ್ಚಿ ಉಜ್ಜಿಸ್ರಿ. ವೆಟ್ ಸಂಪಿಂಗ್ ಪೂರಾ ನಿಲ್ಲೂದಿಲ್ಲ, ಆದ್ರ ವಾರದಾಗ ಆಗೂದು ತಿಂಗಳಿಗೆ ಹೋಗತೈತಿ.

ಫ್ಲೋಟಿಂಗ್_ಬುಷ್
"ಹೆಡ್ ಬಿಚ್ಚಿ ರಿಂಗ್ ಹಾಕಿ" ಅನ್ನೋದು ಊರೊಳಗೆ ಓಡಿಸೋ ಗಾಡಿಗೆ ಹೇಳೋ ಮಾತು. ಹೆಡ್, ಬ್ಯಾರಲ್ ಎರಡೂ ಹೊರಗೆ ಬಂದ ಮೇಲೆ ಕನೆಕ್ಟಿಂಗ್ ರಾಡ್ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ. ಕ್ರ್ಯಾಂಕ್ ಮೇಲಿನ ತುದಿಯಲ್ಲಿ ನಿಲ್ಲಿಸಿ, ಫ್ಲೈವೀಲ್ ಅಲುಗಾಡದ ಹಾಗೆ ಯಾರಾದರೂ ಹಿಡಿದಿರಲಿ. ರಾಡ್ ಪಕ್ಕಕ್ಕೆ ಸ್ವಲ್ಪ ಜರುಗಿದರೆ ತೊಂದರೆಯಿಲ್ಲ, ಅದು ಇರಲೇಬೇಕು. ಮೇಲೆ–ಕೆಳಗೆ ಎಳೆದಾಗ "ಟಕ್" ಅಂತ ಕೈಗೆ ತಾಕಿದರೆ ಬಿಗ್ ಎಂಡ್ ಮುಗಿದಿದೆ. ಆಗ ಕೇಸ್ ಒಡೆಯದೆ (ಅಂದರೆ ಕ್ರ್ಯಾಂಕ್‌ಕೇಸ್ ಎರಡು ಹೋಳಾಗಿ ಬಿಚ್ಚದೆ) ಬೇರೆ ದಾರಿಯಿಲ್ಲ.

ತಾಕದಿದ್ದರೂ ನನ್ನ ಮಟ್ಟಿಗೆ ಒಡೆಯೋದೇ ಸರಿ. ಈ ಇಂಜಿನ್‌ನಲ್ಲಿ ಎಣ್ಣೆ ಕ್ರ್ಯಾಂಕ್‌ನ ಟೈಮಿಂಗ್ ಕಡೆ ತುದಿಯಿಂದ ಒಳಹೊಕ್ಕು, ಫ್ಲೈವೀಲ್ ಒಳಗಿನ ತೂತಿನ ಮೂಲಕ ಕ್ರ್ಯಾಂಕ್‌ಪಿನ್‌ಗೆ ಹೋಗುತ್ತೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ದಾರಿಯಲ್ಲಿ ಡಾಂಬರಿನಂಥ ಗಸಿ ಗಟ್ಟಿಯಾಗಿ ಕೂತಿರುತ್ತೆ. ಹೊಸ ಎಣ್ಣೆ ಹಾಕಿ ಓಡಿಸಿದರೆ ಅದು ಸಡಿಲಾಗಿ ನೇರ ಬುಷ್‌ಗೆ ಹೋಗುತ್ತೆ. 346 ಸಿಸಿ, ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಇಷ್ಟು ಉದ್ದ ಸ್ಟ್ರೋಕ್‌ನಲ್ಲಿ 4000 ಆರ್‌ಪಿಎಂಗೆ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್. ಆ ಹೊಡೆತವೆಲ್ಲ ಬೀಳೋದು ಆ ಒಂದು ಬುಷ್ ಮೇಲೆ.

ಸುಮ್ನೆ_ಓದುಗ
ಅಂದ್ರೆ ಪೇಂಟ್ ದುಡ್ಡು ಕ್ರ್ಯಾಂಕಿಗೆ ಹೋಯ್ತು 😄

ಭೋಸರಿ_ಬೋರಿಂಗ್
ಕ್ರ್ಯಾಂಕ್ ಬಿಚ್ಚುವುದಾದರೆ ಕೆಲಸ ಹೀಗೆ ಹೇಳಿ ಮಾಡಿಸಿ, "ಮಾಡಿಕೊಡಿ" ಅಂತ ಬಿಟ್ಟು ಬರಬೇಡಿ. ಪ್ರೆಸ್ ಮಾಡಿ ಜೋಡಿಸಿದ ಮೇಲೆ ಎರಡು ಸೆಂಟರ್ ನಡುವೆ ಇಟ್ಟು ಎರಡೂ ಶಾಫ್ಟ್ ಮೇಲೆ ಡಯಲ್ ಗೇಜ್ ಹಿಡಿಯಬೇಕು. ಓಟ (ತಿರುಗುವಾಗ ಶಾಫ್ಟ್ ಅತ್ತಿತ್ತ ಸರಿಯೋದು) 2 ತೌ ಒಳಗೆ ಬರಬೇಕು, ಅಂದರೆ 0.05 ಮಿ.ಮೀ. ಒಂದು ತೌ ಅಂದರೆ ಇಂಚಿನ ಸಾವಿರದ ಒಂದು ಭಾಗ. ನಿಮ್ಮ ಕಣ್ಣೆದುರೇ ಗೇಜ್ ತಿರುಗಿಸಿ ತೋರಿಸದ ಲೇತ್‌ನವರ ಹತ್ತಿರ ಕೆಲಸ ಬೇಡ. ರಾಡ್ ಸೊಟ್ಟ ಇದೆಯಾ ಅಂತ ಗಜನ್ ಪಿನ್ (ಪಿಸ್ಟನ್, ರಾಡ್ ಎರಡನ್ನೂ ಸೇರಿಸೋ ಪಿನ್) ಹಾಕಿ ಕೇಸಿನ ಮುಖಕ್ಕೆ ಸಮಾಂತರ ನೋಡಬೇಕು. ಇದನ್ನು ಬಿಟ್ಟರೆ ಹೊಸ ಪಿಸ್ಟನ್ ಒಂದು ಪಕ್ಕಕ್ಕೆ ಸವೆಯುತ್ತೆ.

ಬೋರ್ ವಿಷಯ: ಪಿಸ್ಟನ್ ಮೊದಲು ತನ್ನಿ, ಬೋರಿಂಗ್ ಆಮೇಲೆ. ಓವರ್‌ಸೈಜ್ 20, 40, 60 ತೌ ಸಿಗುತ್ತೆ. ಡಬ್ಬಿ ಮೇಲೆ ಬರೆದ ಅಳತೆ ನಂಬಿ ಬೋರ್ ಮಾಡಬಾರದು, ಕೈಯಲ್ಲಿರೋ ಪಿಸ್ಟನ್‌ನ ಸ್ಕರ್ಟ್ ಅಳೆದು ಅದಕ್ಕೆ 4 ತೌ ಜಾಗ ಬಿಡಬೇಕು. ದೂರದ ಓಟಕ್ಕೆ, ಬಿಸಿಲಲ್ಲಿ, ಲಗೇಜ್ ಹೊತ್ತು ಹೋಗುವುದಾದರೆ 4ಕ್ಕಿಂತ ಬಿಗಿ ಬೇಡ. "ಬಿಗಿ ಇದ್ರೆ ಬಾಳಿಕೆ" ಅನ್ನೋರು ಜಾಮ್ ಆದ ಪಿಸ್ಟನ್ ನೋಡಿಲ್ಲ. ರಿಂಗ್ ಬ್ಯಾರಲ್ ಒಳಗೆ ಇಳಿಸಿ, ಪಿಸ್ಟನ್ ತಲೆಯಿಂದ ತಳ್ಳಿ ನೆಟ್ಟಗೆ ಕೂರಿಸಿ, ಬಾಯಿಯ ಗ್ಯಾಪ್ ಫೀಲರ್ ಗೇಜಲ್ಲಿ ನೋಡಿ. 11 ತೌ ಆಸುಪಾಸು ಬರಬೇಕು. ಹೋನಿಂಗ್ ಗೀರುಗಳು ಒಂದಕ್ಕೊಂದು ಅಡ್ಡ ಹಾದಿರಬೇಕು, ಕನ್ನಡಿ ಹೊಳಪು ಕೊಟ್ಟರೆ ರಿಂಗ್ ಕೂರೋದೇ ಇಲ್ಲ.

ಕೊನೆಗೆ ಬ್ಯಾರಲ್ ತೊಳೆಯೋದು. ಪೆಟ್ರೋಲ್, ಡೀಸೆಲ್ ಸಾಲದು. ಬಿಸಿನೀರು, ಬಟ್ಟೆ ಸೋಪು, ಬ್ರಷ್. ಒರೆಸಿದ ಬಿಳಿ ಬಟ್ಟೆಗೆ ಬೂದು ಬಣ್ಣ ಹತ್ತೋದು ನಿಲ್ಲೋವರೆಗೂ ತೊಳೆಯಿರಿ. ಒಣಗಿದ ಕೂಡಲೇ ಎಣ್ಣೆ ಸವರಿ, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಏಳುತ್ತೆ.

ನಾನಾಪೇಠ್_ನಟ್‌ಬೋಲ್ಟ್
ಬಿಗ್ ಎಂಡಿಗೆ ರೋಲರ್ ಹಾಕಿಸಿಬಿಡ್ರಿ, ಕಥಿ ಮುಗೀತು. ಫ್ಲೋಟಿಂಗ್ ಬುಷ್ (ಪಿನ್ ಸುತ್ತ ಸಡಿಲಾಗಿ ತಿರುಗೂ ಲೋಹದ ಬಳಿ) ಯಾಕ ಬೇಕು ಈ ಕಾಲದಾಗ?

ಫ್ಲೋಟಿಂಗ್_ಬುಷ್
ನಟ್‌ಬೋಲ್ಟ್ ಅಣ್ಣಾ, ಅಷ್ಟು ಸುಲಭಕ್ಕೆ ಹೇಳಬೇಡಿ. ಬುಷ್ ಸಾಯೋದು ತನ್ನ ದೋಷಕ್ಕಲ್ಲ, ಎಣ್ಣೆ ಸಿಗದೆ. ರೋಲರ್ ಆದರೆ ಒಂದೆರಡು ನಿಮಿಷ ಎಣ್ಣೆ ಕಡಿಮೆಯಾದರೂ ತಡೆಯುತ್ತೆ, ಅದು ಒಪ್ಪಿದೆ. ಆದರೆ ಮಾರ್ಕೆಟ್‌ನಲ್ಲಿ ಸಿಗೋ ಪಿನ್‌ಗಳ ಹಾರ್ಡ್‌ನೆಸ್ ಒಂದೇ ಸಮ ಇರಲ್ಲ, ಮೆತ್ತಗಿನ ಪಿನ್ ಮೇಲೆ ರೋಲರ್ ಗುಳಿ ಹಾಕುತ್ತೆ. ಬುಷ್ ಸವೆದರೆ ವಾರಗಟ್ಟಲೆ ಸದ್ದು ಮಾಡಿ ಹೇಳುತ್ತೆ, ಕೆಟ್ಟ ರೋಲರ್ ಹೇಳದೆ ಕೇಳದೆ ಪುಡಿಯಾಗುತ್ತೆ.

ಯಾವುದೇ ಹಾಕಿ, ಎಣ್ಣೆ ದಾರಿ ಸರಿ ಮಾಡದಿದ್ದರೆ ಎರಡೂ ಒಂದೇ. ಟೈಮಿಂಗ್ ಕವರ್‌ನಿಂದ ಕ್ರ್ಯಾಂಕ್ ತುದಿಗೆ ಎಣ್ಣೆ ದಾಟೋ ಜಾಗದಲ್ಲಿ ಒಂದು ಪುಟ್ಟ ಕಾರ್ಕ್ ಸೀಲ್ ಇರುತ್ತೆ. ಹತ್ತಿಪ್ಪತ್ತು ರೂಪಾಯಿ ಮಾಲು. ಅದು ಒಣಗಿ ಕುಗ್ಗಿದ್ದರೆ ಪಂಪ್ ಕೊಟ್ಟ ಎಣ್ಣೆ ಬಿಗ್ ಎಂಡ್‌ಗೆ ಹೋಗೋ ಬದಲು ಟೈಮಿಂಗ್ ಚೆಸ್ಟ್ ಒಳಗೇ ಸುರಿಯುತ್ತೆ. ಕವರ್ ಒಮ್ಮೆ ಬಿಚ್ಚಿದರೆ ಹಳೇ ಕಾರ್ಕ್ ಮತ್ತೆ ಹಾಕಲೇಬಾರದು. ಹೊಸದನ್ನು ಎಣ್ಣೆಯಲ್ಲಿ ನೆನೆಸಿ, ಕವರ್ ಕೂರಿಸುವಾಗ ಕಾರ್ಕ್ ಸ್ವಲ್ಪ ಒತ್ತಿಕೊಳ್ಳೋದು ಕೈಗೆ ಗೊತ್ತಾಗಬೇಕು. ಕವರ್ ಬೋಲ್ಟ್ ಹಾಕೋ ಮೊದಲೇ ಗ್ಯಾಸ್ಕೆಟ್‌ಗೆ ಪೂರ್ತಿ ಅಂಟಿ ಕೂತರೆ ಕಾರ್ಕ್ ಗಿಡ್ಡ ಅಂತ ಅರ್ಥ, ಹಿಂದೆ ತೆಳು ಪ್ಯಾಕಿಂಗ್ ಕೊಡಿ.

ಮತ್ತೆ, ಪಂಪ್ ತಿರುಗಿಸೋ ವರ್ಮ್ ನಟ್‌ಗೆ ಎಡ ಥ್ರೆಡ್. ಬಿಚ್ಚುವಾಗ ಬಲಕ್ಕೆ ತಿರುಗಿಸಬೇಕು. ಮರೆತು ಎಡಕ್ಕೆ ಶಕ್ತಿ ಹಾಕಿದವರು ಕ್ರ್ಯಾಂಕ್ ತುದಿಯ ಥ್ರೆಡ್ಡೇ ಹಾಳು ಮಾಡಿಟ್ಟಿರುತ್ತಾರೆ.

ಯೆಜ್ಡಿ_ಯಾದವಗಿರಿ
ಇಷ್ಟೆಲ್ಲಾ ರಾಮಾಯಣ ಯಾಕ್ ಸ್ವಾಮಿ? ಮೈಸೂರಲ್ಲಿ ಹುಟ್ಟಿದ ಯೆಜ್ಡಿ ರೋಡ್‌ಕಿಂಗ್ ತಗೊಳಿ. ವಾಲ್ವಿಲ್ಲ, ಟ್ಯಾಪೆಟ್ಟಿಲ್ಲ, ಆಯಿಲ್ ಪಂಪಿಲ್ಲ. ಕಿಕ್ಕರ್ರೂ ಗಿಯರ್ರೂ ಒಂದೇ ಲಿವರ್ರು. ಫ್ಯಾಕ್ಟರಿ 1996ರಲ್ಲಿ ಮುಚ್ಚಿದ್ರೂ ಗಾಡಿಗಳು ಓಡ್ತಾನೇ ಇವೆ.

ಫ್ಲೋಟಿಂಗ್_ಬುಷ್
ಯಾದವಗಿರಿ ಸಾರ್, ಲೆಕ್ಕ ಹಾಕಿ. ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ (ಟೂ–ಸ್ಟ್ರೋಕ್) ಎಣ್ಣೆ. ಲೀಟರಿಗೆ 30 ಕಿ.ಮೀ. ಕೊಟ್ಟರೂ 3200 ಕಿ.ಮೀ.ಗೆ ಸುಮಾರು 107 ಲೀಟರ್ ಪೆಟ್ರೋಲ್, 4.3 ಲೀಟರ್ ಎಣ್ಣೆ. ಇನ್ನು ತಾಮ್ಹಿಣಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗಿಯರ್‌ನಲ್ಲೇ ಇಳಿಸಿದರೆ ಪೆಟ್ರೋಲ್ ಜೊತೆ ಬರಬೇಕಾದ ಎಣ್ಣೆಯೂ ನಿಲ್ಲುತ್ತೆ, ಇಂಜಿನ್ ಮಾತ್ರ ತಿರುಗುತ್ತಾ ಇರುತ್ತೆ. ಆಗಾಗ ಥ್ರಾಟಲ್ ಕೊಡುತ್ತಾ ಇಳಿಯಬೇಕು.

ಯೆಜ್ಡಿ_ಯಾದವಗಿರಿ
ಅದು ಓಡಿಸೋರಿಗೆ ಗೊತ್ತಿರತ್ತೆ ಬಿಡಿ. ಘಾಟಿಯಲ್ಲಿ ಕ್ಲಚ್ ಹಿಡಿದು ಒಂದ್ಸಲ ಥ್ರಾಟಲ್ ತಿರುವಿದ್ರೆ ಆಯ್ತು. ಒಂದು ಮಾತ್ರ ಒಪ್ತೀನಿ: ಕ್ರ್ಯಾಂಕ್ ಸೀಲ್ ಹೊಸದು ಹಾಕ್ದೆ ದೂರ ಹೋಗಂಗಿಲ್ಲ. ಎಡಗಡೆ ಸೀಲ್ ಹೋದ್ರೆ ಗಿಯರ್ ಎಣ್ಣೆ ಎಳ್ಕೊಂಡು ಹೊಗೆ, ಬಲಗಡೆದು ಹೋದ್ರೆ ಗಾಳಿ ಎಳ್ಕೊಂಡು ಪಿಸ್ಟನ್ ಜಾಮ್.

ಕೋಥ್ರೂಡ್_350
ಯೆಜ್ಡಿಗೆ ಬೇರೆ ಥ್ರೆಡ್ ಮಾಡೋಣ ಸಾರ್, ದಯವಿಟ್ಟು 🙏 ಪಾಯಿಂಟ್, ವೈರಿಂಗ್ ಬಗ್ಗೆ ಯಾರಾದ್ರೂ?

ಠಾಣೆ_ತುಂಗಾ
ವೈರಿಂಗ್‌ನಲ್ಲಿ ತೇಪೆ ಹಾಕೋಕೆ ಹೋಗಬೇಡಿ. ಇಲಿ ಒಂದು ಕಡೆ ಕಡಿದಿದೆ ಅಂದರೆ ಟೇಪ್ ಒಳಗೆ ಇನ್ನೂ ನಾಲ್ಕು ಕಡೆ ಕಡಿದಿರುತ್ತೆ. ಪೂರ್ತಿ ಹಾರ್ನೆಸ್ ಹೊಸದು ಹಾಕಿ. ಇಂಜಿನ್‌ನಿಂದ ಫ್ರೇಮ್‌ಗೆ, ಫ್ರೇಮ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಪ್ರತ್ಯೇಕ ದಪ್ಪ ಅರ್ತ್ ವೈರ್ ಎಳೆಯಿರಿ. ಪೌಡರ್ ಕೋಟಿಂಗ್ ಆದ ಫ್ರೇಮ್‌ನಲ್ಲಿ ಬೋಲ್ಟ್ ಕೆಳಗಿನ ಬಣ್ಣ ಕೆರೆಯದೆ ಅರ್ತ್ ಕೊಟ್ಟರೆ ಕರೆಂಟ್ ಹರಿಯೋದಿಲ್ಲ. ಆಮೇಲೆ ಹೊಸ ಗಾಡಿಯಲ್ಲಿ ಲೈಟ್ ಮಿಣುಕು ಅಂತ ವಾರಗಟ್ಟಲೆ ಹುಡುಕ್ತಾರೆ.

ಹೆಡ್‌ಲೈಟ್ ತಲೆ ಮೇಲಿನ ಆಂಪಿಯರ್ ಮೀಟರ್: ಗಾಡಿಯ ಕರೆಂಟೆಲ್ಲ ಅದರ ಹಿಂದಿನ ಎರಡು ತಿರುಪಿನ ಮೂಲಕ ಹೋಗುತ್ತೆ. ಗಡಗಡ ಅಲುಗಿ ಒಂದು ತಿರುಪು ಸಡಿಲಾದರೆ ರಾತ್ರಿ ಹೈವೇಯಲ್ಲಿ ಲೈಟು, ಇಗ್ನಿಷನ್, ಹಾರ್ನ್ ಎಲ್ಲಾ ಒಟ್ಟಿಗೇ ಬಂದ್. ಎರಡೂ ವೈರ್ ಸೇರಿಸಿ ಬೈಪಾಸ್ ಮಾಡಿ, ಬೇಕಿದ್ದರೆ ಪುಟ್ಟ ವೋಲ್ಟ್‌ಮೀಟರ್ ಹಾಕಿ. ಹೆಡ್‌ಲೈಟಿಗೆ 55/60 ವಾಟ್ ಹ್ಯಾಲೋಜನ್ ಹಾಕೋ ಆಸೆ ಬಿಡಿ. ಈ ಆಲ್ಟರ್ನೇಟರ್ ಕೊಡೋದು ಕಮ್ಮಿ, ಇಡೀ ರಾತ್ರಿ ಓಡಿಸಿದರೆ ಬ್ಯಾಟರಿ ಖಾಲಿ.

ನಾನಾಪೇಠ್_ನಟ್‌ಬೋಲ್ಟ್
ತುಂಗಕ್ಕಾ, ಆಂಪಿಯರ್ ಕಾಂಟಾ (ಮೀಟರಿನ ಮುಳ್ಳು) ತಗದ್ರ ಕಿಕ್ ಹೊಡಿಯೂದು ಹೆಂಗ್ರಿ? ಕಾಂಟಾ ನಡುವಿಗೆ ಬಂದಾಗ ಪಿಸ್ಟನ್ ಮ್ಯಾಲಿಗೆ ಬಂತು ಅಂತ ತಿಳಿಯೂದು ಅದರಿಂದನ!

ಠಾಣೆ_ತುಂಗಾ
ಡಿಕಂಪ್ರೆಸರ್ (ಸಿಲಿಂಡರ್ ಒಳಗಿನ ಒತ್ತಡ ಬಿಡೋ ಲಿವರ್) ಎದಕ್ಕಿದೆ ಅಣ್ಣಾ? ಕಿಕ್ಕರ್ ನಿಧಾನ ಒತ್ತಿ, ಕಾಲಿಗೆ ಗಟ್ಟಿ ಅನ್ನಿಸಿದಾಗ ಲಿವರ್ ಹಿಡಿದು ಒಂಚೂರು ದಾಟಿಸಿ, ಲಿವರ್ ಬಿಟ್ಟು, ಕಿಕ್ಕರ್ ಪೂರ್ತಿ ಮೇಲೆ ತಂದು ಹೊಡೆಯೋದು. ಕಾಂಟಾ ನೋಡದೇನೂ ಬರುತ್ತೆ. ಕಾಂಟಾ ಅಲ್ಲೇ ಇರಲಿ ಶೋಗೆ, ಕರೆಂಟ್ ಮಾತ್ರ ಅದರ ಮೂಲಕ ಬೇಡ.

ನಾನಾಪೇಠ್_ನಟ್‌ಬೋಲ್ಟ್
ಶೋಗೆ! ಆತ್ಬಿಡ್ರಿ.

ಫ್ಲೋಟಿಂಗ್_ಬುಷ್
ಪಾಯಿಂಟ್ ಬಗ್ಗೆ: ಈ ಪ್ರಯಾಣಕ್ಕೆ ಪಾಯಿಂಟೇ ಇರಲಿ. ಎಲೆಕ್ಟ್ರಾನಿಕ್ ಚೆನ್ನಾಗೇ ನಡೆಯುತ್ತೆ, ಕೆಟ್ಟರೆ ಮಾತ್ರ ಕಾಸರಗೋಡಿನಲ್ಲೋ ಕೊಲ್ಲಂನಲ್ಲೋ ರಿಪೇರಿ ಇಲ್ಲ. ಪಾಯಿಂಟ್ ಸೆಟ್, ಕಂಡೆನ್ಸರ್ ಒಂದೊಂದು ಜೇಬಿನಲ್ಲಿದ್ದರೆ ರಸ್ತೆ ಬದಿಯಲ್ಲೇ ಕೆಲಸ ಮುಗಿಯುತ್ತೆ.

ಕ್ರಮ ತಪ್ಪಬಾರದು. ಮೊದಲು ಗ್ಯಾಪ್, 0.35ರಿಂದ 0.40 ಮಿ.ಮೀ. ಆಮೇಲೆ ಟೈಮಿಂಗ್. ಉಲ್ಟಾ ಮಾಡಿದರೆ ಗ್ಯಾಪ್ ಮುಟ್ಟಿದ ಕೂಡಲೇ ಟೈಮಿಂಗ್ ಜರುಗುತ್ತೆ. ಟೈಮಿಂಗ್ 350ಕ್ಕೆ ಪೂರ್ತಿ ರಿಟಾರ್ಡ್ (ಕಿಡಿ ತಡವಾಗಿ ಬರೋ) ಸ್ಥಿತಿಯಲ್ಲಿ ಪಿಸ್ಟನ್ ತುದಿ ಮುಟ್ಟೋಕೆ 0.8 ಮಿ.ಮೀ. ಮುಂಚೆ. ಪಾಯಿಂಟ್ ಟರ್ಮಿನಲ್‌ಗೂ ಅರ್ತ್‌ಗೂ ನಡುವೆ ಒಂದು ಬಲ್ಬ್ ಕಟ್ಟಿ ಕೀ ಆನ್ ಮಾಡಿ, ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹತ್ತುತ್ತೆ. ಸೈಕಲ್ ಕಡ್ಡಿ ಹಾಕಿ ಅಂದಾಜಿನಲ್ಲಿ ಮಾಡೋರಿದ್ದಾರೆ. ಪ್ಲಗ್ ತೂತು ಓರೆಯಾಗಿದೆ, ಕಡ್ಡಿ ಓರೆಗೆ ಕೂತು ಅಳತೆ ತಪ್ಪುತ್ತೆ. ಆ ಜಾಗದಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಸುಮಾರು 3 ಡಿಗ್ರಿ ತಪ್ಪಿದ ಹಾಗೆ. ಜಾಸ್ತಿ ಅಡ್ವಾನ್ಸ್ ಆದರೆ ಕಿಕ್ಕರ್ ತಿರುಗಿ ಕಾಲಿಗೆ ಹೊಡೆಯುತ್ತೆ, ಘಾಟಿಯಲ್ಲಿ ಟಿಣಿಟಿಣಿ ಬಡಿಯುತ್ತೆ. ರಿಟಾರ್ಡ್ ಆದರೆ ಸೈಲೆನ್ಸರ್ ಬೆಂಡ್ ನೀಲಿ ತಿರುಗುತ್ತೆ, ಇಂಜಿನ್ ಕಾಯುತ್ತೆ.

ಪಾಯಿಂಟ್‌ನ ಹಿಮ್ಮಡಿ ಉಜ್ಜೋ ಕ್ಯಾಮ್‌ಗೆ ಒಂಚೂರು ಗ್ರೀಸ್ ಸವರಿ. ಹಿಮ್ಮಡಿ ಸವೆದಷ್ಟೂ ಗ್ಯಾಪ್ ಮುಚ್ಚುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ.

ಟ್ಯಾಪೆಟ್: ಇಂಜಿನ್ ತಣ್ಣಗಿದ್ದಾಗ, ಕಂಪ್ರೆಷನ್ ಸ್ಟ್ರೋಕ್‌ನ ತುದಿಯಲ್ಲಿ. ಗ್ಯಾಪ್ ಶೂನ್ಯ. ಪುಶ್‌ರಾಡ್ ಬೆರಳಲ್ಲಿ ಸರಾಗ ತಿರುಗಬೇಕು, ಮೇಲೆ–ಕೆಳಗೆ ಮಾತ್ರ ಅಲುಗಬಾರದು. ಡಿಕಂಪ್ರೆಸರ್ ಕೇಬಲ್ ಬಿಗಿ ಇದ್ದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತೆ, ಅದನ್ನೂ ನೋಡಿ.

ಆರ್‌ಟಿಒ_ರಾಯ
ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಆರ್‌ಸಿ ಜೀವಂತ ಇದೆಯಾ? 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಫಾರ್ಮ್ 25, ಗಾಡಿ ತಪಾಸಣೆ, ಪರಿಸರ ತೆರಿಗೆ, ಇನ್ಶೂರೆನ್ಸ್, ಪಿಯುಸಿ. 1 ಏಪ್ರಿಲ್ 2019ಕ್ಕೆ ಮೊದಲು ನೋಂದಣಿಯಾದ ಗಾಡಿಗೆ ಹೊಸ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕಡ್ಡಾಯ.

ಫ್ರೇಮ್ ಬ್ಲಾಸ್ಟಿಂಗ್, ಪೌಡರ್ ಕೋಟಿಂಗ್‌ಗೆ ಕೊಡೋ ಮೊದಲು ಚಾಸಿಸ್ ನಂಬರ್ ಮೇಲೆ ಮಾಸ್ಕಿಂಗ್ ಮಾಡಿಸಿ. ಕೋಟಿಂಗ್ ದಪ್ಪಕ್ಕೆ ಅಕ್ಷರ ಮುಚ್ಚಿ ಹೋದರೆ ತಪಾಸಣೆಯಲ್ಲಿ ಪೆನ್ಸಿಲ್ ಪ್ರಿಂಟ್ ಬರಲ್ಲ. ಕೆರೆದರೆ ತಿದ್ದಿದ ಹಾಗೆ ಕಾಣುತ್ತೆ, ಆಮೇಲೆ ಅದನ್ನು ವಿವರಿಸುತ್ತಾ ಕೂರಬೇಕು. ಇಂಜಿನ್ ಕೇಸ್ ಬಫಿಂಗ್ ಮಾಡಿಸುವವರಿಗೂ ಇದೇ ಮಾತು. ಕಾಗದ ಮೊದಲು, ಬಿಚ್ಚೋದು ಆಮೇಲೆ. ಬಿಚ್ಚಿದ ಗಾಡಿ ತಪಾಸಣೆಗೆ ಒಯ್ಯೋಕಾಗಲ್ಲ, ಅಲ್ವಾ?

ಕೋಥ್ರೂಡ್_350
ಆರ್‌ಸಿ 2029ರವರೆಗೆ ಇದೆ ರಾಯರೇ, ಇನ್ಶೂರೆನ್ಸ್ ಮುಗಿದಿದೆ. ಪ್ಲೇಟ್ ಬುಕ್ ಮಾಡ್ತೀನಿ. ಮಾಸ್ಕಿಂಗ್ ವಿಷಯ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್.

ಮಡಗಾಂವ್_ಮಳೆ
ಟ್ಯಾಂಕ್, ಕಾರ್ಬ್ಯುರೇಟರ್ ಬಗ್ಗೆ ನಾನು ಹೇಳ್ತೇನೆ. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದರಲ್ಲಿರುವ ಎಥನಾಲ್ ಗಾಳಿಯ ತೇವ ಹೀರ್ತದೆ, ಹಳೇ ಗಮ್ಮನ್ನು ಕರಗಿಸಿ ತುಕ್ಕನ್ನು ಎಬ್ಬಿಸ್ತದೆ. ಟ್ಯಾಂಕ್ ಒಳಗೆ ತುಕ್ಕು ಬಿಟ್ಟು ಹೊರಟರೆ ಅದೆಲ್ಲ ಪೈಲಟ್ ಜೆಟ್‌ಗೇ ಬಂದು ಕೂರ್ತದೆ. ತುಕ್ಕು ತೆಗೆಯಲಿಕ್ಕೆ ಸಿಟ್ರಿಕ್ ಆಸಿಡ್ ಬಿಸಿನೀರಲ್ಲಿ ಕಲಸಿ ರಾತ್ರಿ ಪೂರ್ತಿ ತುಂಬಿಸಿಡಿ, ಬೆಳಗ್ಗೆ ಚೆಲ್ಲಿ ಅಡುಗೆ ಸೋಡಾ ನೀರಲ್ಲಿ ತೊಳೆದು ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ. ಒಳಗೆ ನಟ್ಟು–ಜಲ್ಲಿ ಹಾಕಿ ಕುಲುಕುವವರಿದ್ದಾರೆ. ತಳ ತೆಳುವಾದ ಟ್ಯಾಂಕ್ ಅದರಲ್ಲೇ ತೂತಾಗ್ತದೆ.

ಪೆಟ್ರೋಲ್ ಪೈಪ್ ಇ20 ತಡೆಯುವಂಥದ್ದು ಹಾಕಿ, ಹಳೇ ರಬ್ಬರ್ ಉಬ್ಬಿ ಒಳಗೇ ಸಿಪ್ಪೆ ಬಿಡ್ತದೆ. ಪೆಟ್ರೋಲ್ ಕಾಕ್‌ನ ವಾಶರ್, ಫ್ಲೋಟ್ ನೀಡಲ್ ಎರಡೂ ಹೊಸದು. ಫಿಲ್ಟರ್ ಹಾಕುವುದಾದರೆ ತೆಳು ಜಾಲರಿಯದ್ದು ಮಾತ್ರ. ಇಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಇಳಿಯಬೇಕು, ಕಾರಿನ ಕಾಗದದ ಫಿಲ್ಟರ್ ಹಾಕಿದರೆ ಟ್ಯಾಂಕ್ ಅರ್ಧಕ್ಕೆ ಇಳಿದಾಗ ಗಾಡಿ ತಿಣುಕ್ತದೆ. ಇ20ಯಲ್ಲಿ ಶಕ್ತಿ ಹತ್ತಿರಹತ್ತಿರ ಶೇ 7 ಕಡಿಮೆ, ಮಿಶ್ರಣ ಲೀನ್ ಆಗ್ತದೆ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ). ವಿಎಂ24 ಕಾರ್ಬ್ಯುರೇಟರ್‌ನಲ್ಲಿ ನೀಡಲ್ ಕ್ಲಿಪ್ ಒಂದು ಗೀರು ಕೆಳಗೆ ಹಾಕಿದರೆ ನೀಡಲ್ ಮೇಲೆ ಬರ್ತದೆ, ಅಷ್ಟು ಸಾಕು. ಜೆಟ್ ತೂತಿಗೆ ಸ್ಟೀಲ್ ತಂತಿ ಚುಚ್ಚಬೇಡಿ, ವೈರಿನ ತಾಮ್ರದ ಎಳೆ ಒಂದು ತಗೊಳ್ಳಿ.

ದಾರಿ: ಗೋವಾದಲ್ಲಿ ಕಾಣಕೋಣಕ್ಕೆ ಮೊದಲು ಕರ್ಮಲ್ ಘಾಟ್, ತಿರುವು ಜಾಸ್ತಿ, ಲಾರಿ ಜಾಸ್ತಿ, ಕತ್ತಲಾಗುವ ಮೊದಲು ದಾಟಿ. ಕಾರವಾರದಿಂದ ಕೆಳಗೆ ಸಮುದ್ರದ ಉಪ್ಪುಗಾಳಿ. ಬ್ಯಾಟರಿ ಟರ್ಮಿನಲ್, ಕೇಬಲ್ ತುದಿ, ಸ್ಪೋಕ್ ನಿಪ್ಪಲ್ ಎಲ್ಲದಕ್ಕೂ ಗ್ರೀಸ್ ಹಚ್ಚಿ ಹೊರಡಿ.

ಪಾಷಾಣ_ಪಯಣಿಗ
ಸ್ಪ್ರಾಕೆಟ್ ಬದಲಾಯಿಸಬೇಕಾ? ಹೈವೇಗೆ 18 ಹಲ್ಲು ಒಳ್ಳೇದು ಅಂತ ಕೇಳಿದ್ದೆ.

ಭೋಸರಿ_ಬೋರಿಂಗ್
17ರಿಂದ 18ಕ್ಕೆ ಹೋದರೆ ಅದೇ ವೇಗಕ್ಕೆ ಆರ್‌ಪಿಎಂ ಸುಮಾರು ಶೇ 6 ಇಳಿಯುತ್ತೆ. ಒಬ್ಬರೇ ಹೋಗೋದಾದರೆ ಸರಿ. ಹಿಂದೆ ಸವಾರ, ಎರಡು ಪಕ್ಕ ಚೀಲ ಇದ್ದರೆ ಘಾಟಿಯಲ್ಲಿ ಮೂರನೇ ಗಿಯರ್ ಎಳೆಯಲ್ಲ. ಹಿಂದಿನ ಚಕ್ರದ್ದು ಹಲ್ಲು ಚೂಪಾಗಿದ್ದರೆ ಬರೀ ಸ್ಪ್ರಾಕೆಟ್ ಸಿಗಲ್ಲ, ಬ್ರೇಕ್ ಡ್ರಮ್ಮೂ ಅದೂ ಒಂದೇ ಎರಕ. ಎರಡೂ ಸೇರಿಸಿ ಬದಲಾಯಿಸಿ, ಚೈನೂ ಜೊತೆಗೇ. ಹಳೇ ಸ್ಪ್ರಾಕೆಟ್‌ಗೆ ಹೊಸ ಚೈನ್ ಹಾಕಿದರೆ ಚೈನ್ ಬೇಗ ಹೋಗುತ್ತೆ.

ಸ್ಪೋಕ್ ಕಟ್ಟಿಸಿದ ಮೇಲೆ ಡ್ರಮ್ ಒಳಮೈ ಲೇತ್‌ನಲ್ಲಿ ತಿರುಗಿಸಿ ನೋಡಿ. ಸ್ಪೋಕ್ ಎಳೆತಕ್ಕೆ ಡ್ರಮ್ ಅಂಡಾಕಾರಕ್ಕೆ ಬರುತ್ತೆ, ಆಗ ಬ್ರೇಕ್ ಹಿಡಿದಾಗ ಲಿವರ್ ಬಡಿಯುತ್ತೆ. ಬ್ರೇಕ್ ಲೈನರ್ ಹೊಸದು ಹಾಕಿದರೂ ಅದು ಡ್ರಮ್‌ಗೆ ಪೂರ್ತಿ ತಾಗೋವರೆಗೆ ಬ್ರೇಕ್ ಅರ್ಧವೇ ಅನ್ಕೊಳ್ಳಿ. ತಾಮ್ಹಿಣಿ ಇಳಿಯೋದು ಎರಡನೇ ಗಿಯರ್‌ನಲ್ಲಿ, ಬ್ರೇಕ್ ಹಿಡಿದೇ ಇಳಿದರೆ ಡ್ರಮ್ ಕಾದು ಕೈಕೊಡುತ್ತೆ.

ಸುಮ್ನೆ_ಓದುಗ
ಬಲಗಾಲಿಗೆ ಗಿಯರ್, ಎಡಗಾಲಿಗೆ ಬ್ರೇಕ್. ಒಂದನೇ ಗಿಯರ್ ಮೇಲಕ್ಕೆ, ಉಳಿದ ಮೂರೂ ಕೆಳಕ್ಕೆ. ಮೊದಲು ಅದು ರೂಢಿ ಮಾಡ್ಕೊಳ್ಳಿ ಮಾರಾಯ್ರೆ, ಕ್ರ್ಯಾಂಕ್ ಆಮೇಲೆ!

ಪಾಷಾಣ_ಪಯಣಿಗ
ಗಿಯರ್‌ಬಾಕ್ಸ್‌ಗೆ ಬರೀ ಇಪಿ 90 ಗಿಯರ್ ಎಣ್ಣೆ ಹಾಕಬಹುದಾ? ಗ್ರೀಸ್ ಹಾಕೋದು ಹಳೇ ಕಾಲದ ಮಾತು ಅನ್ಸುತ್ತೆ.

ನಾನಾಪೇಠ್_ನಟ್‌ಬೋಲ್ಟ್
ಬರೇ ಇಪಿ 90 ಹಾಕಿದ್ರ ಕಿಕ್ಕರ್ ಶಾಫ್ಟ್ ಹಂತ್ಯಾಕ ಸೋರಿ ಬೆಳಗಾವಿ ಮುಟ್ಟೂದ್ರಾಗ ಖಾಲಿ. ಆ ಬಾಕ್ಸಿಗೆ ಸೀಲ್ ಸರಿಯಾಗಿ ಇಲ್ಲಾ, ಗ್ರೀಸ್ ಸಲುವಾಗಿನ ಮಾಡಿದ್ದದು. ತೆಳು ಗ್ರೀಸ್ ತುಂಬಿ ಮ್ಯಾಲೆ ಸ್ವಲ್ಪ ಇಪಿ 90 ಹಾಕ್ರಿ. ಗಟ್ಟಿ ಬೇರಿಂಗ್ ಗ್ರೀಸ್ ಮಾತ್ರ ಬ್ಯಾಡ, ಹಲ್ಲಿನಿಂದ ಸಿಡದು ಗೋಡಿಗೆ ಅಂಟತೈತಿ, ವಾಪಸ್ ಬರೂದಿಲ್ಲ.

ಪ್ರೈಮರಿ ಕವರ್‌ಗೆ (ಕ್ಲಚ್, ಅದರ ಚೈನ್ ಮುಚ್ಚೂ ಕವರ್) ನಡುವ ಒಂದ ನಟ್. ಸೋರಾಕ ಹತ್ತಿದ್ರ ನಟ್ ಬಿಗಿ ಮಾಡ್ಕೋತ ಹೋಗಬ್ಯಾಡ್ರಿ, ಕವರ್ ಬಾಗತೈತಿ. ಸುತ್ತಿನ ರಬ್ಬರ್ ರಿಂಗ್ ಬದಲಿ ಮಾಡ್ರಿ. ಬ್ರೀದರಿನ ಬಾತುಕೋಳಿ ಕೊಕ್ಕಿನಂಥಾ ರಬ್ಬರ್ ಅಂಟಿಕೊಂಡಿದ್ರ ಒಳಗ ಪ್ರೆಶರ್ ಕಟ್ಟಿ ಎಲ್ಲಾ ಕಡೆ ಸೋರತೈತಿ. ಜನಾ ಗ್ಯಾಸ್ಕೆಟ್ ಬದಲಿ ಮಾಡ್ಕೋತನ ಇರ್ತಾರ, ಆ ರಬ್ಬರ್ ನೋಡೂದಿಲ್ಲ.

ಫ್ಲೋಟಿಂಗ್_ಬುಷ್
ಕಟ್ಟಿದ ಮೇಲೆ ಮೊದಲ ಸ್ಟಾರ್ಟ್: 20ಡಬ್ಲ್ಯು50 ಎಣ್ಣೆ ಟ್ಯಾಂಕಿಗೆ. ಫೆಲ್ಟ್ ಫಿಲ್ಟರ್ ಕೂರೋ ಕೋಣೆಗೂ ಮುಚ್ಚಳ ಹಾಕೋ ಮೊದಲು ಎಣ್ಣೆ ತುಂಬಿಸಿ. ಪ್ಲಗ್ ಬಿಚ್ಚಿ, ರಾಕರ್‌ಗೆ ಹೋಗೋ ಪೈಪ್‌ನ ಬ್ಯಾಂಜೋ ಬೋಲ್ಟ್ ಸಡಿಲ ಮಾಡಿ, ಅಲ್ಲಿ ಎಣ್ಣೆ ಜಿನುಗೋವರೆಗೆ ಕಿಕ್ ಹೊಡೆಯಿರಿ. ರಾಕರ್‌ಗೆ ಬರೋದು ರಿಟರ್ನ್ ಪಂಪಿನ ಎಣ್ಣೆ. ಹಾಗಾಗಿ ಅಲ್ಲಿ ಬಂತು ಅಂದರೆ ಎಣ್ಣೆ ಕೆಳಗೆ ಹೋಗಿ ಸುತ್ತಿ ಬಂದಿದೆ ಅಂತ ಅರ್ಥ. ಬರದಿದ್ದರೆ ಸ್ಟಾರ್ಟ್ ಮಾಡಲೇಬೇಡಿ.

ಒಮ್ಮೆ ಕಾಯಿಸಿ, ಪೂರ್ತಿ ಆರಿದ ಮೇಲೆ ಹೆಡ್ ನಟ್ ಮತ್ತೆ ಬಿಗಿ ಮಾಡಿ. ಬಿಗಿ ಮಾಡಿದಾಗ ಹೆಡ್ ಸ್ವಲ್ಪ ಇಳಿಯುತ್ತೆ, ಟ್ಯಾಪೆಟ್ ಮತ್ತೆ ನೋಡಬೇಕು. ಮೊದಲ 500 ಕಿ.ಮೀ. 50 ದಾಟಬೇಡಿ, ಒಂದೇ ವೇಗದಲ್ಲೂ ಹೋಗಬೇಡಿ. ಎಣ್ಣೆ ಮೊದಲ 100ಕ್ಕೊಮ್ಮೆ, 500ಕ್ಕೊಮ್ಮೆ ಬದಲಿಸಿ. ಇದನ್ನೆಲ್ಲ ಪುಣೆ ಸುತ್ತಮುತ್ತಲೇ ಮುಗಿಸಿ, 1000 ಆದ ಮೇಲೆ ದೂರದ ಮಾತು. ಡಿಸೆಂಬರ್ 31ಕ್ಕೆ ಕಟ್ಟಿ ಜನವರಿ 1ಕ್ಕೆ ಹೊರಡೋ ಯೋಚನೆ ಇದ್ದರೆ ರೈಲು ಟಿಕೆಟ್ ತೆಗೆಯಿರಿ.

ಪ್ರಯಾಣದಲ್ಲಿ ಎಣ್ಣೆ ನೋಡೋದು ಗಾಡಿ ನಿಲ್ಲಿಸಿದ ಕೂಡಲೇ. ಬೆಳಗ್ಗೆ ತಣ್ಣಗಿರುವಾಗ ನೋಡಿದರೆ ರಾತ್ರಿ ಕೆಳಗಿಳಿದಿದ್ದಕ್ಕೆ ಕಮ್ಮಿ ಕಾಣುತ್ತೆ, ನೀವು ಮೇಲೆ ಸುರೀತೀರಿ, ಹತ್ತು ಕಿ.ಮೀ.ಗೆ ಬ್ರೀದರ್‌ನಿಂದ ಹೊರಗೆ. ಓಟ 65ರಿಂದ 75ರೊಳಗೆ. ಕನ್ಯಾಕುಮಾರಿ ತಲುಪಿ ಒಮ್ಮೆ ಎಣ್ಣೆ ಬದಲಿಸಿ.

ಠಾಣೆ_ತುಂಗಾ
ಜೊತೆಗೆ ಒಯ್ಯೋದು: ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ (ಹೊಸದನ್ನು ಹಳೇದರ ಪಕ್ಕವೇ ಎಳೆದು ಕಟ್ಟಿಟ್ಟರೆ ತುಂಡಾದಾಗ ತುದಿ ಮಾತ್ರ ಬದಲಿಸೋದು), ಪಾಯಿಂಟ್, ಕಂಡೆನ್ಸರ್, ಪ್ಲಗ್, ಚೈನ್ ಲಾಕ್, 3.25–19 ಟ್ಯೂಬ್ ಎರಡು, ಫ್ಯೂಸ್, ಬಲ್ಬ್, ಒಂದು ಲೀಟರ್ ಎಣ್ಣೆ, ಫೀಲರ್ ಗೇಜ್. ಪಾನಾ (ಸ್ಪ್ಯಾನರ್) ಸೆಟ್ ನಿಮ್ಮ ಗಾಡಿಯ ನಟ್‌ಗಳಿಗೆ ಒಂದೊಂದಾಗಿ ಹಾಕಿ ನೋಡಿ ಆರಿಸಿ. ಹಳೇ ಬುಲೆಟ್‌ನಲ್ಲಿ ಇಂಚಿನ ಅಳತೆ, ಮಿ.ಮೀ. ಎರಡೂ ಬೆರಕೆ, ಹತ್ತಿರದ ಸೈಜ್ ಹಾಕಿದರೆ ನಟ್ ದುಂಡಗಾಗುತ್ತೆ.

ಕೋಥ್ರೂಡ್_350
ಹೆಡ್, ಬ್ಯಾರಲ್ ಇವತ್ತು ಇಳಿಸಿದೆವು. ರಾಡ್ ಮೇಲೆ–ಕೆಳಗೆ "ಟಕ್" ಅಂತಿದೆ, ಸಣ್ಣದಾಗಿ ಆದ್ರೂ ಇದೆ. ಪಿಸ್ಟನ್ ತಲೆ ಮೇಲೆ ಮಸಿ ಕೆರೆದರೆ 40 ಅಂತ ಹೊಡೆದಿದೆ, ಅಂದರೆ ಈಗಾಗಲೇ 40 ತೌ ಓವರ್‌ಸೈಜ್. ಬ್ಯಾರಲ್ ಮೇಲ್ಗಡೆ ಉಗುರಿಗೆ ಮೆಟ್ಟಿಲು ತಾಗುತ್ತೆ. 60 ಹಾಕಬಹುದಾ, ಇಲ್ಲ ಲೈನರ್ರಾ (ಬ್ಯಾರಲ್ ಒಳಗೆ ಕೂರಿಸೋ ಹೊಸ ಕೊಳವೆ)?

ನಾನಾಪೇಠ್_ನಟ್‌ಬೋಲ್ಟ್
ಹೇಳಿದ್ನಿಲ್ಲ, ಕ್ರ್ಯಾಂಕ್ ಬಿಚ್ಚಬೇಕಾಕ್ಕೈತಿ.

ಫ್ಲೋಟಿಂಗ್_ಬುಷ್
ಅದು ಹೇಳಿದ್ದು ನಾನು ಅಣ್ಣಾ 😄

ಭೋಸರಿ_ಬೋರಿಂಗ್
ಅಳತೆ ಮೊದಲು. ಬೋರ್ ಗೇಜ್‌ನಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆ ಎರಡು ದಿಕ್ಕು, ಒಟ್ಟು ಆರು ಅಳತೆ ಬರೆದು ಹಾಕಿ. ಜಾಸ್ತಿ ಸವೆದ ಜಾಗವೂ 60ರಲ್ಲಿ ಸ್ವಚ್ಛ ಆಗೋದಾದರೆ 60 ಪಿಸ್ಟನ್ ತನ್ನಿ, ಅದೇ ಕೊನೇ ಬೋರ್. ಆಗದಿದ್ದರೆ ಲೈನರ್ ಹಾಕಿ ಸ್ಟ್ಯಾಂಡರ್ಡ್ ಪಿಸ್ಟನ್. ಲೈನರ್‌ಗೆ ಮೇಲ್ಗಡೆ ಕಾಲರ್ ಇರೋದೇ ಕೇಳಿ, ಇಲ್ಲದ್ದು ಬಿಸಿಗೆ ಕೆಳಗಿಳಿಯುತ್ತೆ. ಒತ್ತಿ ಕೂರಿಸಿದ ಮೇಲೆ ಬ್ಯಾರಲ್‌ನ ಮೇಲ್ಮುಖ ಒಂದು ಸಲ ಸಮ ಮಾಡಿಸಿ, ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಅಲ್ಲೇ ಉಸಿರಾಡುತ್ತೆ.